ಗೆರೆಯ ಮೇಲೆ ಏನು ಬರೆದಿರಿ? ನಕ್ಷೆ ಹಾಕಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ಜನ ಸೇರುತ್ತಾರೆ. ಹತ್ತನೇ ಕ್ಲಾಸಿನ ಮಕ್ಕಳೇ ಜಾಸ್ತಿ. ಹೋಟೆಲಿನ ಗಲ್ಲೆಯಲ್ಲಿ ಕೂತುಕೊಂಡೇ ಬಿ.ಎ. ಕಟ್ಟಿದವರು ಇಬ್ಬರಿದ್ದಾರೆ. ಪ್ರಮೋಷನ್ ಪರೀಕ್ಷೆಗೆ ಓದುವ ಬ್ಯಾಂಕಿನವರು ಒಬ್ಬರು. ನಾನು ಯಾವ ವಿಷಯದ ಪಾಠವನ್ನೂ ಮಾಡುವುದಿಲ್ಲ. ಓದಿದ್ದನ್ನು ತಲೆಯೊಳಗೆ ಹೇಗೆ ಜೋಡಿಸಿ ಇಟ್ಟುಕೊಳ್ಳಬೇಕು, ಅದನ್ನು ಪೆಟ್ಟಿಗೆ ಗೆರೆಗಳ ನಕ್ಷೆಯಾಗಿ ಹೇಗೆ ಬರೆಯಬೇಕು ಅನ್ನುವುದಷ್ಟೇ ನಮ್ಮ ಮಾತುಕತೆ. ಎರಡು ವರ್ಷದಲ್ಲಿ ಒಂದು ಗೊತ್ತಾಯಿತು: ಜನ ಬದಲಾದರೂ ಪ್ರಶ್ನೆಗಳು ಬದಲಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆದು ಹಾಕಿದ್ದೇನೆ. ಹೊಸಬರು ಇದನ್ನು ಓದಿಕೊಂಡು ಬಂದರೆ ಭಾನುವಾರದ ಒಂದು ಗಂಟೆ ಉಳಿಯುತ್ತದೆ.

ಓದುವಾಗ ಪ್ರತಿ ಸಾಲೂ ಅರ್ಥ ಆಗುತ್ತೆ. ಪುಸ್ತಕ ಮುಚ್ಚಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಆಗುತ್ತೆ. ಯಾಕೆ?

ಸಾಲು ಅರ್ಥ ಆಗುವುದು ಬೇರೆ, ಅದಕ್ಕೆ ತಲೆಯಲ್ಲಿ ಜಾಗ ಸಿಗುವುದು ಬೇರೆ. ಇದನ್ನು ಓದಿ ನೋಡಿ: "ಮೊದಲು ಎಲ್ಲವನ್ನೂ ಎರಡು ಮೂರು ಗುಡ್ಡೆ ಮಾಡಿ. ಒಂದೇ ಸಲಕ್ಕೆ ಜಾಸ್ತಿ ತುಂಬಬೇಡಿ. ಮುಗಿದ ಮೇಲೆ ಮತ್ತೆ ಗುಡ್ಡೆ ಮಾಡಿ, ಅವುಗಳ ಜಾಗದಲ್ಲಿ ಇಡಿ. ನಾಲ್ಕು ದಿನ ಬಿಟ್ಟು ಎಲ್ಲ ಮೊದಲಿಂದ." ಒಂದು ಪದವೂ ಕಷ್ಟವಿಲ್ಲ. ಆದರೂ ಏನೂ ಹಿಡಿಸಲಿಲ್ಲ, ಅಲ್ವಾ? ಈಗ ಮೇಲೆ "ಬಟ್ಟೆ ಒಗೆಯುವುದು" ಅಂತ ಶೀರ್ಷಿಕೆ ಹಾಕಿ ಮತ್ತೊಮ್ಮೆ ಓದಿ.

ಇಂಥದ್ದೇ ಒಂದು ಬಟ್ಟೆ ಒಗೆಯುವ ಪ್ಯಾರಾ ಇಟ್ಟುಕೊಂಡು ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಇಬ್ಬರು 1972ರಲ್ಲಿ ಪ್ರಯೋಗ ಮಾಡಿದರು. ವಿಷಯ ಏನು ಅಂತ ಮೊದಲೇ ಗೊತ್ತಿದ್ದವರಿಗೆ ಜಾಸ್ತಿ ಅರ್ಥವಾಯಿತು, ಜಾಸ್ತಿ ನೆನಪೂ ಉಳಿಯಿತು. ಓದಿ ಮುಗಿದ ಮೇಲೆ ಹೇಳಿದರೆ ಪ್ರಯೋಜನ ಆಗಲಿಲ್ಲ. ಅಂಗಿ ತೂಗುಹಾಕಬೇಕಾದರೆ ಗೋಡೆಗೆ ಮೊದಲೇ ಗೂಟ ಹೊಡೆದಿರಬೇಕು. ಹಾಗಾಗಿ ಪಾಠ ಶುರು ಮಾಡುವ ಮುಂಚೆ ಐದು ನಿಮಿಷ ತಲೆಬರಹ, ಚಿತ್ರ, ಕೊನೆಯ ಪ್ರಶ್ನೆಗಳನ್ನು ಸುಮ್ನೆ ತಿರುವಿ ಹಾಕಿ. ಇದಕ್ಕೆ ಪೆನ್ನೂ ಬೇಕಾಗಿಲ್ಲ.

ಒಂದು ಸಲಕ್ಕೆ ತಲೆಯಲ್ಲಿ ಎಷ್ಟು ಹಿಡಿಯುತ್ತೆ?

ನಾವು ಅಂದುಕೊಂಡಷ್ಟು ಇಲ್ಲ. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಏಳು ಅಂದರು, ಒಂದೆರಡು ಹೆಚ್ಚು ಕಡಿಮೆ. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಆದರೆ ಲೆಕ್ಕ ಇರುವುದು ಬಿಡಿ ಕಾಳಿನದ್ದಲ್ಲ, ಗಂಟಿನದ್ದು. ಫೋನ್ ನಂಬರಿನ ಹತ್ತು ಅಂಕಿಗಳನ್ನು ಯಾರೂ ಹತ್ತು ಅಂಕಿಯಾಗಿ ಹೇಳುವುದಿಲ್ಲ. ಎರಡೆರಡೋ ಐದೈದೋ ಕಟ್ಟಿ ಹೇಳುತ್ತಾರೆ.

ಮುಂಬೈಯಲ್ಲಿ ಇದ್ದುಕೊಂಡು, ಮನೆಯ ಊಟದ ಡಬ್ಬಿಯನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳ ಮಾತು ಬಿಟ್ಟರೆ ಹೇಗೆ? ಡಬ್ಬಿಯ ಮುಚ್ಚಳ ನೋಡಿ. ಪೂರ್ತಿ ವಿಳಾಸ ಅಲ್ಲಿಲ್ಲ. ಯಾವ ಸ್ಟೇಷನ್ನಿಂದ ಹೊರಟಿತು, ಯಾವ ಕಡೆ ಇಳಿಯಬೇಕು, ಯಾವ ಕಟ್ಟಡ, ಯಾವ ಮಹಡಿ, ಅಷ್ಟೇ. ಎಲ್ಲಕ್ಕೂ ಒಂದೊಂದು ಅಕ್ಷರ, ಅಂಕಿ, ಬಣ್ಣ. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಡಬ್ಬಿ ವಿಂಗಡಿಸುವವನಿಗೆ ಮಹಡಿಯ ಯೋಚನೆ ಬೇಡ, ಸ್ಟೇಷನ್ ಗುರುತು ಕಂಡರೆ ಸಾಕು. ಮಹಡಿ ನೋಡುವವನು ಬೇರೆ. ದೊಡ್ಡ ಪಾಠವನ್ನೂ ಹೀಗೇ ನಾಲ್ಕೈದು ಗಂಟು ಮಾಡಿ. ಆಯಾ ಹೊತ್ತಿಗೆ ಒಂದು ಗಂಟು ಬಿಚ್ಚಿ.

ವಿಂಗಡಿಸಿ ಇಟ್ಟ ಮಾತ್ರಕ್ಕೆ ಹೊಸ ವಿಚಾರ ಹೊಳೆಯುತ್ತಾ? ಅದು ಬರೀ ಅಚ್ಚುಕಟ್ಟು ಅಷ್ಟೇ ತಾನೇ?

ಅಚ್ಚುಕಟ್ಟು ಅನ್ನುವುದು ಕಪಾಟಿಗೆ. ವಿಂಗಡಣೆ ಅಂದರೆ ಇನ್ನೇನೋ. ಇದಕ್ಕೆ ನನ್ನ ಬಳಿ ಇರುವ ಒಳ್ಳೆಯ ಉದಾಹರಣೆ ನಮ್ಮ ಕಾಗುಣಿತದ ಪುಸ್ತಕದಲ್ಲೇ ಇದೆ.

ಇಂಗ್ಲಿಷಿನ ಎಬಿಸಿಡಿಗೆ ಒಂದು ಸಾಲು ಇದೆ, ಕ್ರಮಕ್ಕೆ ಕಾರಣ ಇಲ್ಲ. ಎ ಆದ ಮೇಲೆ ಬಿ ಯಾಕೆ? ಸುಮ್ನೆ. ನಮ್ಮ ಕ ಖ ಗ ಘ ಙ ಹಾಗಲ್ಲ. ಐದು ಸಾಲು, ಐದು ಕಂಬ, ಒಟ್ಟು 25 ವರ್ಗೀಯ ವ್ಯಂಜನ. ಮೇಲಿನಿಂದ ಕೆಳಗೆ ಬಂದರೆ ಬಾಯಿಯೊಳಗೆ ಪ್ರಯಾಣ. ಕ ಗಂಟಲ ಹತ್ತಿರ, ಚ ಅಂಗುಳಲ್ಲಿ, ಟ ನಾಲಿಗೆ ಮಡಚಿದಾಗ, ತ ಹಲ್ಲಿಗೆ ತಾಗಿದಾಗ, ಪ ತುಟಿಯಲ್ಲಿ. ಎಡದಿಂದ ಬಲಕ್ಕೆ ಹೋದರೆ ಉಸಿರು ಮತ್ತು ನಾದ ಬದಲಾಗುತ್ತವೆ, ಕೊನೆಯ ಕಂಬ ಮೂಗಿನದ್ದು.

ಈಗ ಹಾಳೆಯ ಮೇಲೆ ಈ ಚೌಕ ಬರೆದುಕೊಂಡು ಆದೇಶ ಸಂಧಿ ನೋಡಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. "ಕ ತ ಪ ಗಳಿಗೆ ಗ ದ ಬ" ಅಂತ ನಾವೆಲ್ಲ ಉರು ಹೊಡೆದದ್ದು. ಚೌಕದಲ್ಲಿ ಬೆರಳಿಟ್ಟರೆ ಉರು ಹೊಡೆಯುವುದೇ ಬೇಡ. ಮೂರೂ ಕಡೆ ಬೆರಳು ಮೊದಲ ಕಂಬದಿಂದ ಮೂರನೆಯದಕ್ಕೆ, ಅದೇ ಸಾಲಿನಲ್ಲಿ ಜರುಗಿದೆ. ಸಂಸ್ಕೃತದ ಜಶ್ತ್ವ ಸಂಧಿಯಲ್ಲಿ ವಾಕ್ ಮತ್ತು ಈಶ ಸೇರಿ ವಾಗೀಶ ಆಗುವುದೂ ಅದೇ ಜರುಗಾಟ. ಬೇರೆ ಬೇರೆ ಪುಟದಲ್ಲಿದ್ದ ಎರಡು ನಿಯಮ ಒಂದೇ ಚಲನೆಯಾಗಿ ಕಂಡವು. ಇದನ್ನು ಮೊದಲ ಸಲ ತೋರಿಸಿದಾಗ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು "ಇದನ್ನ ಯಾಕೆ ಯಾರೂ ಹೇಳಲಿಲ್ಲ?" ಅಂತ ಸಿಟ್ಟೇ ಮಾಡಿಕೊಂಡಳು.

ಮೆಂಡೆಲೀವ್ 1869ರಲ್ಲಿ ಮೂಲವಸ್ತುಗಳನ್ನು ಜೋಡಿಸಿದಾಗ ಆದದ್ದೂ ಇದೇ. ಸಾಲು ಸರಿಯಾಗಿ ಕೂರಬೇಕಾದರೆ ಕೆಲವು ಕಡೆ ಖಾಲಿ ಬಿಡಬೇಕಾಯಿತು. ಅಲ್ಲಿ ಯಾವ ಗುಣದ ವಸ್ತು ಬರಬೇಕು ಅಂತಲೂ ಹೇಳಿದ. 1875ರಲ್ಲಿ ಗ್ಯಾಲಿಯಂ ಸಿಕ್ಕಿ ಒಂದು ಖಾಲಿ ತುಂಬಿತು. ಜೋಡಿಸಿಟ್ಟದ್ದರಲ್ಲಿ ಮಾತ್ರ ಖಾಲಿ ಕಾಣುತ್ತದೆ. ರಾಶಿಯಲ್ಲಿ ಕಾಣುವುದಿಲ್ಲ.

ಬರೀ ನೆನಪಿನ ಲೆಕ್ಕ ಬೇಕೆನ್ನುವವರಿಗೆ: ಗಾರ್ಡನ್ ಬೋವರ್ ಮತ್ತು ಜೊತೆಗಾರರು 1969ರಲ್ಲಿ 112 ಪದಗಳನ್ನು ಒಂದು ಗುಂಪಿಗೆ ಕೊಂಬೆ ಕೊಂಬೆಯಾಗಿ ವಿಂಗಡಿಸಿ ತೋರಿಸಿದರು, ಇನ್ನೊಂದಕ್ಕೆ ಕಲಸಿ ಕೊಟ್ಟರು. ಮೊದಲ ಸಲವೇ ವಿಂಗಡಿಸಿ ನೋಡಿದವರು ಮೂರರಲ್ಲಿ ಎರಡು ಪಾಲಿನಷ್ಟು ಹೇಳಿದರು. ಕಲಸಿದ್ದನ್ನು ನೋಡಿದವರಿಗೆ ಐದರಲ್ಲಿ ಒಂದು ಪಾಲೂ ದಾಟಲಿಲ್ಲ.

ಮಗಳು ಮಾಟುಂಗಾದಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಾಳೆ. ಮೇಳಕರ್ತ ರಾಗಗಳ ಪಟ್ಟಿ ತಲೆಗೇ ಹತ್ತುತ್ತಿಲ್ಲ.

ಪಟ್ಟಿ ಅಂದುಕೊಂಡರೆ ಹತ್ತುವುದಿಲ್ಲ. ಅದು ಮೂಲ ರಾಗಗಳ ಎರಡು ಮಹಡಿಯ ಮನೆ. ಮಧ್ಯಮ ಅಂದರೆ ಮ ಸ್ವರ, ಅದಕ್ಕೆ ಶುದ್ಧ, ಪ್ರತಿ ಅಂತ ಎರಡು ರೂಪ. ಕೆಳಗೆ 36 ರಾಗ ಶುದ್ಧ ಮಧ್ಯಮದವು, ಮೇಲೆ 36 ಪ್ರತಿ ಮಧ್ಯಮದವು. ಒಂದು ರಾಗದ ಸಂಖ್ಯೆಗೆ 36 ಕೂಡಿಸಿದರೆ ಅದರ ನೆತ್ತಿಯ ಮೇಲಿನ ರಾಗ. ಉಳಿದ ಸ್ವರ ಎಲ್ಲ ಅವೇ, ಮಧ್ಯಮ ಮಾತ್ರ ಬೇರೆ. ಶಂಕರಾಭರಣ 29, ಅದರ ಮೇಲೆ 65 ಕಲ್ಯಾಣಿ. ಮಾಯಾಮಾಳವಗೌಳ 15, ಮೇಲೆ 51 ಕಾಮವರ್ಧಿನಿ.

ಸಂಖ್ಯೆ ಹೇಗೆ ನೆನಪಿಡುವುದು ಅಂದರೆ ಅದು ಹೆಸರಿನಲ್ಲೇ ಅಡಗಿದೆ. ಅಕ್ಷರಕ್ಕೆ ಒಂದೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಧೀರಶಂಕರಾಭರಣದ ಧ ಅಂದರೆ 9, ರ ಅಂದರೆ 2. ತಿರುಗಿಸಿ ಓದಿದರೆ 29. ಮೇಚಕಲ್ಯಾಣಿಯ ಮ 5, ಚ 6, ತಿರುಗಿಸಿದರೆ 65. ಮಗಳಿಂದ ಎರಡು ಮಹಡಿಯ ಚಿತ್ರ ಬರೆಸಿ, ಗೊತ್ತಿರುವ ಹತ್ತು ರಾಗ ಮಾತ್ರ ಅದರಲ್ಲಿ ಕೂರಿಸಿ. ಉಳಿದ ಕೋಣೆ ಖಾಲಿ ಇರಲಿ. ಕಲಿತ ಹಾಗೆ ತುಂಬುತ್ತಾಳೆ.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಬರೀ ಬರೆದರೆ ಸಾಲದೇ?

ಕಡ್ಡಿ ಮನುಷ್ಯ ಬಿಡಿಸಲು ಬರುತ್ತಾ? ಸಾಕು. ಕೆನಡಾದ ಅಲನ್ ಪೈವಿಯೋ 1971ರಲ್ಲಿ ವಿವರಿಸಿದ ಲೆಕ್ಕದ ಪ್ರಕಾರ ಮಾತಿಗೆ ಒಂದು ದಾರಿ, ಚಿತ್ರಕ್ಕೆ ಇನ್ನೊಂದು. ಎರಡರಲ್ಲೂ ಇಟ್ಟ ಸಾಮಾನು ಒಂದು ಬಾಗಿಲು ಮುಚ್ಚಿದರೂ ಇನ್ನೊಂದರಿಂದ ಸಿಗುತ್ತದೆ. ಚಿತ್ರ ಚಂದ ಇರಬೇಕು ಅಂತ ಅವರೇನೂ ಹೇಳಿಲ್ಲ.

ಚಿತ್ರದ ಕಷ್ಟದ ಕೆಲಸ ಬೇರೆ ಇದೆ. ಏನನ್ನು ಬಿಡಬೇಕು ಅನ್ನುವುದು. ಮುಂಬೈಯ ಲೋಕಲ್ ರೈಲಿನ ಬಾಗಿಲಿನ ಮೇಲಿರುವ ಸ್ಟೇಷನ್ ಪಟ್ಟಿ ನೋಡಿ. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಮಸೀದಿ ಸ್ಟೇಷನ್ ಒಂದು ಕಿಲೋಮೀಟರ್ ಚಿಲ್ಲರೆ, ಆದರೂ ಉಳಿದವುಗಳಷ್ಟೇ ಅಂತರದ ಚುಕ್ಕಿ. ತಿರುವು ಇಲ್ಲ, ಸೇತುವೆ ಇಲ್ಲ. ಹ್ಯಾರಿ ಬೆಕ್ ಲಂಡನ್ ಸುರಂಗ ರೈಲಿಗೆ ಬರೆದು, 1933ರಲ್ಲಿ ಜನರ ಕೈಗೆ ಬಂದ ನಕ್ಷೆಯ ಉಪಾಯವೂ ಇದೇ. ನಿಜವಾದ ದೂರ ಕೈಬಿಟ್ಟ, ಯಾವುದಾದ ಮೇಲೆ ಯಾವುದು, ಎಲ್ಲಿ ಬದಲಾಯಿಸಬೇಕು ಅನ್ನುವುದನ್ನು ಉಳಿಸಿಕೊಂಡ. ಪ್ರಯಾಣಿಕನಿಗೆ ಬೇಕಾದದ್ದು ಅಷ್ಟೇ.

ಜಾಗಗಳ ಮೇಲೆ ನೆನಪು ಇಡುವುದು ಅಂತಾರಲ್ಲ, ಅದೇನು?

ನಮ್ಮ ದೊಡ್ಡಪ್ಪ ಮುಂಬೈ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಕೈಯಲ್ಲಿ ಚೀಟಿ ಇಲ್ಲ. ಎರಡು ಮೇಜು, ಎಂಟು ಗಿರಾಕಿ, ಎಂಟು ಥರದ ಆರ್ಡರ್. ಒಬ್ಬರಿಗೆ ಸಕ್ಕರೆ ಇಲ್ಲದ ಚಾ, ಇನ್ನೊಬ್ಬರಿಗೆ ಚಟ್ನಿ ಬೇರೆ ಬಟ್ಟಲಲ್ಲಿ. ಒಂದೂ ತಪ್ಪುತ್ತಿರಲಿಲ್ಲ. ಗುಟ್ಟು ಕೇಳಿದರೆ "ಜನರನ್ನ ನೆನಪಿಟ್ಕೊಂಡ್ರೆ ಕೆಟ್ಟೆ ಮಾಣಿ, ಕುರ್ಚಿ ನೆನಪಿಟ್ಕೋ" ಅನ್ನುತ್ತಿದ್ದರು. ಫ್ಯಾನಿನ ಕೆಳಗಿನ ಕುರ್ಚಿಯಿಂದ ಶುರು, ಬಲಕ್ಕೆ ಸುತ್ತು. ಪ್ರತಿ ಕುರ್ಚಿಯ ಮೇಲೆ ಒಂದು ತಟ್ಟೆ ಕೂತಿದೆ ಅಂತ ಕಣ್ಣಿಗೆ ಕಟ್ಟಿಕೊಳ್ಳುವುದು. ಒಂದಿನ ಇಬ್ಬರು ಗಿರಾಕಿಗಳು ಗಾಳಿಗೆ ಅಂತ ಕುರ್ಚಿ ಬದಲಾಯಿಸಿಕೊಂಡರಂತೆ. ಏಕಾದಶಿ ಉಪವಾಸದವರ ಮುಂದೆ ಈರುಳ್ಳಿ ಉತ್ತಪ್ಪ ಬಂತು. ದೊಡ್ಡಪ್ಪನ ಲೆಕ್ಕದಲ್ಲಿ ತಪ್ಪು ಅವರದ್ದಲ್ಲ, ಕುರ್ಚಿಯದ್ದು.

ದೊಡ್ಡಪ್ಪನಿಗೆ ಗೊತ್ತಿರಲಿಲ್ಲ, ಇದೇ ಉಪಾಯಕ್ಕೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಥೆ ಇದೆ. ಗ್ರೀಕ್ ಕವಿ ಸೈಮೊನಿಡೀಸ್ ಔತಣದ ಮನೆಯಿಂದ ಹೊರಗೆ ಬಂದಾಗ ಮಾಡು ಕುಸಿಯಿತಂತೆ. ಗುರುತು ಸಿಗದ ಹೆಣಗಳನ್ನು ಅವನು ಯಾರು ಎಲ್ಲಿ ಕೂತಿದ್ದರು ಅನ್ನುವ ನೆನಪಿನಿಂದ ಗುರುತಿಸಿದ ಅಂತ ರೋಮಿನ ಸಿಸೆರೋ ಬರೆದಿದ್ದಾನೆ. ಮೆದುಳಿನಲ್ಲಿ ಜಾಗದ ಲೆಕ್ಕ ಇಡುವ ಕೋಶಗಳೇ ಇವೆ. ಇಲಿಯ ಮೆದುಳಿನಲ್ಲಿ ಅವನ್ನು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. 2014ರಲ್ಲಿ ಮೋಸರ್ ದಂಪತಿಯ ಜೊತೆ ನೊಬೆಲ್ ಬಂತು.

ನಾವು ಮುಂಬೈ ಲೋಕಲ್ಲಿನ ಸೆಂಟ್ರಲ್ ಲೈನಿನವರು. ನಾವು ನೆನಪು ಇಡುವ ಅರಮನೆ ಸ್ಟೇಷನ್‌ಗಳೇ. ಹೋದ ಮಳೆಗಾಲದಲ್ಲಿ ಕರ್ನಾಟಕದ ರಾಜಮನೆತನಗಳನ್ನು ಹೀಗೆ ಹತ್ತಿಸಿದೆವು. ಸಿಎಸ್‌ಎಂಟಿಯ ಗುಮ್ಮಟ ಸೀಳಿಕೊಂಡು ದೊಡ್ಡ ಕದಂಬ ಮರ ಎದ್ದಿದೆ, ಕದಂಬರು. ಮಸೀದಿಯಲ್ಲಿ ಡ್ರೈಫ್ರೂಟ್ ಮಾರ್ಕೆಟ್, ಮೂಟೆ ಒಡೆದು ಹಳಿ ತುಂಬ ಬಾದಾಮಿ, ಬಾದಾಮಿ ಚಾಲುಕ್ಯರು. ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಹಾರ್ಬರ್ ಲೈನ್ ಮೇಲೆ, ಮೇನ್ ಲೈನ್ ಕೆಳಗೆ. ಕೆಲಸದವರು ಮೇಲಿನ ಪ್ಲಾಟ್‌ಫಾರ್ಮಿನಿಂದ ಕಲ್ಲು ಕೆತ್ತುತ್ತಾ ಕೆಳಗೆ ಬರುತ್ತಿದ್ದಾರೆ. ಎಲ್ಲೋರದ ಕೈಲಾಸವನ್ನು ಹಾಗೇ ನೆತ್ತಿಯಿಂದ ಬುಡಕ್ಕೆ ಕೆತ್ತಿದ್ದು, ರಾಷ್ಟ್ರಕೂಟರು. ಬೈಕುಲ್ಲಾದಲ್ಲಿ ಕಲ್ಯಾಣ ಫಾಸ್ಟ್ ನಿಂತಿದೆ, ಒಳಗೆ ಮದುವೆ ದಿಬ್ಬಣ, ಕಲ್ಯಾಣದ ಚಾಲುಕ್ಯರು. ಚಿಂಚ್‌ಪೋಕ್ಳಿಯ ಹುಣಸೆಮರದ ಕೆಳಗೆ ಹುಡುಗನೊಬ್ಬ ಹುಲಿಗೆ ಹೊಡೆಯುತ್ತಿದ್ದಾನೆ, ಹೊಯ್ಸಳರು. ಕರಿ ರೋಡಿನ ಸೇತುವೆ ಮೇಲೆ ಮುತ್ತುರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದಾರೆ, ವಿಜಯನಗರ. ಚಿತ್ರ ವಿಚಿತ್ರವಾದಷ್ಟೂ ಒಳ್ಳೆಯದು.

ಒಂದು ಎಚ್ಚರ. ಇದರಿಂದ ಸಿಗುವುದು ಸರಣಿ ಮಾತ್ರ. 753ರಲ್ಲಿ ರಾಷ್ಟ್ರಕೂಟರು ಬಾದಾಮಿಯವರನ್ನು ಯಾಕೆ ಕೆಡವಿದರು, 973ರಲ್ಲಿ ಕಲ್ಯಾಣದ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಹೇಗೆ ಕೆಡವಿದ ಅನ್ನುವುದು ಸ್ಟೇಷನ್‌ಗಳಿಗೆ ಗೊತ್ತಿಲ್ಲ. ಅದಕ್ಕೆ ಬೇರೆ ನಕ್ಷೆ ಬೇಕು.

ಕಣ್ಣು ಮುಚ್ಚಿದರೆ ನನಗೆ ಏನೂ ಕಾಣುವುದಿಲ್ಲ. ನಾನೇನು ಮಾಡಲಿ?

ನಿಮ್ಮಂಥವರು ಇದ್ದಾರೆ, ಇದು ರೋಗ ಅಲ್ಲ. ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಜನರಿಗೆ ಬೆಳಗಿನ ತಿಂಡಿಯ ಮೇಜನ್ನು ನೆನಪಿಸಿಕೊಳ್ಳಲು ಹೇಳಿ, ಕೆಲವರಿಗೆ ಚಿತ್ರವೇ ಬರುವುದಿಲ್ಲ ಅಂತ ಕಂಡುಕೊಂಡಿದ್ದ. 2015ರಲ್ಲಿ ಆಡಮ್ ಝೀಮನ್ ಅದಕ್ಕೆ ಅಫಾಂಟೇಸಿಯಾ ಅಂತ ಹೆಸರಿಟ್ಟರು. ತಲೆಯೊಳಗೆ ಚಿತ್ರ ಬಾರದಿದ್ದರೆ ಹಾಳೆಯ ಮೇಲೆ ಬರಲಿ. ನಕ್ಷೆಗೆ ಬೇಕಾದದ್ದು ಸಂಬಂಧ. ಅದು ಎಲ್ಲರಿಗೂ ಹೊಳೆಯುತ್ತದೆ.

ಮೈಂಡ್ ಮ್ಯಾಪ್, ಕಾನ್ಸೆಪ್ಟ್ ಮ್ಯಾಪ್ ಎರಡೂ ಒಂದೇನಾ?

ಅಲ್ಲ. ನನ್ನನ್ನು ಕೇಳಿದರೆ ಈ ಪುಟದಲ್ಲಿ ಓದಲೇಬೇಕಾದ ಉತ್ತರ ಇದೊಂದೇ.

ಮೈಂಡ್ ಮ್ಯಾಪ್ ಅನ್ನು 1970ರ ದಶಕದಲ್ಲಿ ಜನಪ್ರಿಯ ಮಾಡಿದ್ದು ಟೋನಿ ಬುಜಾನ್. ನಡುವೆ ಒಂದು ವಿಷಯ, ಅದರಿಂದ ಸುತ್ತಲೂ ಕೊಂಬೆಗಳು. ತಲೆಯಲ್ಲಿರುವುದನ್ನೆಲ್ಲ ಹೊರಗೆ ಸುರಿಯಲು ಚೆನ್ನಾಗಿದೆ. ಕಾನ್ಸೆಪ್ಟ್ ಮ್ಯಾಪ್ ಬಂದದ್ದೂ ಅದೇ ದಶಕದಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಅವರಿಂದ. ಅದರಲ್ಲಿ ಎರಡು ಪೆಟ್ಟಿಗೆಗಳ ನಡುವೆ ಗೆರೆ ಎಳೆದರೆ, ಆ ಗೆರೆಯ ಮೇಲೆ ಒಂದು ಮಾತು ಬರೆಯಲೇಬೇಕು. ಪೆಟ್ಟಿಗೆ, ಗೆರೆಯ ಮಾತು, ಪೆಟ್ಟಿಗೆ, ಮೂರನ್ನೂ ಓದಿದರೆ ಒಂದು ವಾಕ್ಯ ಆಗಬೇಕು.

ಒಂದು ಮಾಡಿ ನೋಡೋಣ. ಪ್ರಶ್ನೆ: ಜೋರು ಮಳೆ ಬಂದರೆ ಲೋಕಲ್ ಯಾಕೆ ನಿಲ್ಲುತ್ತದೆ? ನಮ್ಮ ಮಕ್ಕಳು ಮೊದಲು ಬರೆದದ್ದು ಮೈಂಡ್ ಮ್ಯಾಪ್. ನಡುವೆ "ಮಳೆ". ಸುತ್ತ "ಟ್ರೈನ್", "ಸಮುದ್ರ", "ಗಟಾರ", "ಮಿಠಿ ನದಿ", "2005". ಚಂದ ಇತ್ತು. ಯಾರಿಗೂ ಉತ್ತರ ಮಾತ್ರ ಗೊತ್ತಾಗಲಿಲ್ಲ. ಎಲ್ಲ ಗೆರೆಯೂ ಮಳೆಗೇ ಹೋಗುತ್ತಿತ್ತು, ಎಲ್ಲ ಗೆರೆಯೂ ಮೂಕ.

ಎರಡನೇ ಹಾಳೆಯಲ್ಲಿ ಗೆರೆಗೆ ಮಾತು ಕಡ್ಡಾಯ ಮಾಡಿದೆ. "ಮಳೆ ನೀರು" ಪೆಟ್ಟಿಗೆಯಿಂದ "ಗಟಾರ"ಕ್ಕೆ: ಹರಿದು ಸೇರುತ್ತದೆ. "ಗಟಾರ"ದಿಂದ "ಸಮುದ್ರ"ಕ್ಕೆ: ಇಳಿಜಾರಿದ್ದರೆ ಹೊರಹಾಕುತ್ತದೆ. ಇಲ್ಲಿಗೆ ಬಂದಾಗ ಪೆನ್ಸಿಲ್ ನಿಂತಿತು. ಇಳಿಜಾರು ಇಲ್ಲದಿದ್ದರೆ? ಆಗ ಹೊಸ ಪೆಟ್ಟಿಗೆ ಬೇಕಾಯಿತು: "ಭರತ". ಸಮುದ್ರದ ನೀರು ಏರುವ ಉಬ್ಬರ, ಮರಾಠಿಯವರ ಭರತಿ, ನಮ್ಮ ಕರಾವಳಿಯವರ ಭರತ. "ಭರತ"ದಿಂದ "ಗಟಾರ"ಕ್ಕೆ ಗೆರೆ: ಬಾಯಿ ಕಟ್ಟುತ್ತದೆ. "ಗಟಾರ"ದಿಂದ "ತಗ್ಗಿನ ಹಳಿ"ಗೆ: ನೀರನ್ನು ಹಿಂದಕ್ಕೆ ಕಳಿಸುತ್ತದೆ. ಸಯನ್, ಕುರ್ಲಾ ತಗ್ಗಿನಲ್ಲಿವೆ, ಪಕ್ಕದಲ್ಲೇ ಮಿಠಿ ನದಿ. ಹಳಿ ಮುಳುಗಿದರೆ ಸಿಗ್ನಲ್ ಮತ್ತು ಗಾಡಿಯ ಹಳಿ ಬದಲಾಯಿಸುವ ಪಾಯಿಂಟಿನ ವ್ಯವಸ್ಥೆ ಕೈಕೊಡುತ್ತದೆ, ಗಾಡಿ ನಿಲ್ಲುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿದ್ದ ಲೆಕ್ಕ ಕೂಡ ಈಗ ಸುಮ್ಮನೆ ಒಂದು ಕೊಂಬೆಯಲ್ಲ. ಮೊದಲ ಪೆಟ್ಟಿಗೆಯ ಒಳಗೆ ಹೋಗಿ ಕೂತಿತು.

ನೋಡಿ, ಭರತದ ವಿಚಾರ ಆ ಹುಡುಗರಿಗೆ ಮೊದಲೇ ಗೊತ್ತಿತ್ತು. ಮೊಬೈಲಿನಲ್ಲಿ ಭರತದ ಸಮಯ ನೋಡಿಯೇ ಮನೆಯಿಂದ ಹೊರಡುವವರು ಅವರು. ಗೊತ್ತಿದ್ದದ್ದು ಬೇಕಾದ ಜಾಗಕ್ಕೆ ಬಂದು ನಿಂತದ್ದು ಗೆರೆಯ ಮೇಲೆ ಮಾತು ಸಿಗದೆ ತಡವರಿಸಿದಾಗ. ಹಾಗಾಗಿ ನಿಮ್ಮ ನಕ್ಷೆ ತಂದು ತೋರಿಸಿದಾಗ ನಾನು ಪೆಟ್ಟಿಗೆ ನೋಡುವುದಿಲ್ಲ. ಗೆರೆಯ ಮೇಲೆ ಏನು ಬರೆದಿರಿ ಅಂತ ಕೇಳುತ್ತೇನೆ. "ಸಂಬಂಧ ಇದೆ" ಅಂತ ಬರೆದರೆ ಆಗುವುದಿಲ್ಲ. ಹಾಗೆ ನೋಡಿದರೆ ಊರಲ್ಲಿ ಎಲ್ಲರಿಗೂ ಎಲ್ಲರ ಸಂಬಂಧ ಇದೆ. ತಡೆಯುತ್ತದೆ, ಹುಟ್ಟಿಸುತ್ತದೆ, ಇಲ್ಲದಿದ್ದರೆ ಕೆಡುತ್ತದೆ, ಇದರ ಒಂದು ಬಗೆ, ಹೀಗೆ ಕ್ರಿಯಾಪದ ಬೇಕು.

ಎಷ್ಟು ಬಣ್ಣದ ಪೆನ್ನು ಬೇಕು?

ಎರಡು. ಒಂದು ಬರೆಯಲು, ಇನ್ನೊಂದು ಆಮೇಲೆ ನೆನಪಾದದ್ದನ್ನು ಸೇರಿಸಲು. ಎರಡನೇ ಬಣ್ಣ ಎಲ್ಲಿದೆಯೋ ಅಲ್ಲಿ ನಿಮಗೆ ಇನ್ನೂ ಓದುವುದಿದೆ. 24ರ ಸ್ಕೆಚ್ ಪೆನ್ ಬಾಕ್ಸ್ ತಮ್ಮನಿಗೋ ತಂಗಿಗೋ ಕೊಡಿ.

ನಕ್ಷೆ ಮಾಡಿಕೊಂಡೇ ಓದಿದ್ದೆ. ಆದರೂ ಪರೀಕ್ಷೆಯಲ್ಲಿ ಬರಲಿಲ್ಲ. ಎಲ್ಲಿ ತಪ್ಪಿತು?

ನಾನೇ ಈ ತಪ್ಪು ಮಾಡಿಸಿದ್ದೇನೆ. ಒಂದು ವರ್ಷ ದ್ಯುತಿಸಂಶ್ಲೇಷಣೆಯ ದೊಡ್ಡ ಚಾರ್ಟ್ ಮಾಡಿಸಿದೆ. ಮೂರು ಭಾನುವಾರ ಹಿಡಿಯಿತು. ಹಸಿರು ಎಲೆ, ಹಳದಿ ಸೂರ್ಯ, ಬಾಣಗಳು. ಅಪ್ಪ ಅಮ್ಮಂದಿರು ಫೋಟೋ ತೆಗೆದುಕೊಂಡು ಊರಿನ ಗ್ರೂಪಿಗೆಲ್ಲ ಕಳಿಸಿದರು. ನಾನೂ ಬೀಗಿದೆ. ಹದಿನೈದು ದಿನ ಬಿಟ್ಟು ಖಾಲಿ ಹಾಳೆ ಕೊಟ್ಟು, ನೋಡದೆ ಬರೆಯಿರಿ ಅಂದೆ. ಹನ್ನೊಂದು ಹಾಳೆಯಲ್ಲೂ ಸೂರ್ಯ ಮಾತ್ರ ಚೆನ್ನಾಗಿ ಬಂದಿದ್ದ.

ಪುಸ್ತಕ ತೆರೆದಿಟ್ಟುಕೊಂಡು ನಕ್ಷೆ ಬರೆದರೆ ಅದು ನಕಲು. ಕಾರ್ಪಿಕೆ ಮತ್ತು ಬ್ಲಂಟ್ 2011ರಲ್ಲಿ ಇದನ್ನು ಅಳೆದು ನೋಡಿದರು. ಒಂದು ಗುಂಪು ಪಠ್ಯ ಎದುರಿಗಿಟ್ಟುಕೊಂಡು ಕಾನ್ಸೆಪ್ಟ್ ಮ್ಯಾಪ್ ಬರೆಯಿತು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಾದದ್ದನ್ನೆಲ್ಲ ಬರೆಯಿತು, ಮತ್ತೆ ಓದಿ ಮತ್ತೆ ಬರೆಯಿತು. ವಾರ ಬಿಟ್ಟು ಪರೀಕ್ಷಿಸಿದಾಗ ಎರಡನೇ ಗುಂಪೇ ಮುಂದೆ. ನಕ್ಷೆ ಬರೆಯುವುದನ್ನೇ ಪರೀಕ್ಷೆಯಾಗಿ ಕೊಟ್ಟಾಗಲೂ ಮುಂದೆ! ನಕ್ಷೆಯ ಪರವಾಗಿ ಇಷ್ಟು ಹೊತ್ತು ಮಾತಾಡಿದ ನನಗೆ ಇದು ನುಂಗಲು ಕಷ್ಟದ ಮಾತ್ರೆ. ಆದರೆ ಉಪಾಯ ಸುಲಭ. ಪುಸ್ತಕ ಮುಚ್ಚಿ ನಕ್ಷೆ ಬರೆಯಿರಿ. ಸಿಕ್ಕಿಹಾಕಿಕೊಂಡಾಗಲೂ ಎರಡು ನಿಮಿಷ ಒದ್ದಾಡಿ. ಆಮೇಲೆ ತೆರೆದು ಎರಡನೇ ಬಣ್ಣದಲ್ಲಿ ತಿದ್ದಿ. ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ ಮತ್ತೆ ಖಾಲಿ ಹಾಳೆಯಿಂದ. ಹಳೆಯದನ್ನು ಎಸೆಯಲು ಹಿಂಜರಿಯಬೇಡಿ.

ಮಗ "ವಿಶುವಲ್ ಲರ್ನರ್" ಅಂತ ಟೆಸ್ಟ್ ಮಾಡಿ ಹೇಳಿದ್ದಾರೆ. ಅವನಿಗೆ ಚಿತ್ರ ಮಾತ್ರ ತೋರಿಸಬೇಕಾ?

ಬೇಡ. ಮಕ್ಕಳನ್ನು ಕಣ್ಣಿನವರು, ಕಿವಿಯವರು ಅಂತ ವಿಂಗಡಿಸಿ ಹಾಗೇ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಪರಿಶೀಲಿಸಿ ಬರೆದರು. ಭೂಗೋಳಕ್ಕೆ ನಕ್ಷೆ ಎಲ್ಲರಿಗೂ ಬೇಕು. ಪದ್ಯವನ್ನು ಎಲ್ಲರೂ ಕಿವಿಯಿಂದಲೇ ಕೇಳಬೇಕು. ಟೆಸ್ಟಿಗೆ ದುಡ್ಡು ಕೊಟ್ಟಿದ್ದರೆ, ಹೋಗಲಿ ಬಿಡಿ.

ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಮರಾಠಿ, ಸ್ಕೂಲಿನಲ್ಲಿ ಇಂಗ್ಲಿಷ್. ನಕ್ಷೆ ಯಾವ ಭಾಷೆಯಲ್ಲಿ?

ಪೆಟ್ಟಿಗೆಯೊಳಗೆ ಪರೀಕ್ಷೆಯ ಭಾಷೆ. ಗೆರೆಯ ಮೇಲೆ ನಿಮ್ಮ ಭಾಷೆ. ಆಸ್ಮಾಸಿಸ್ ಅನ್ನುವುದು ಪೆಟ್ಟಿಗೆಯಲ್ಲಿ ಹಾಗೇ ಇರಲಿ, ಗೆರೆಯ ಮೇಲೆ "ಎಳ್ಕೊಳ್ತದೆ" ಅಂತ ಬರೆದರೆ ಯಾರೂ ಮಾರ್ಕ್ಸ್ ಕಡಿಯುವುದಿಲ್ಲ. ಒಬ್ಬ ಹುಡುಗ ಗೆರೆಗಳನ್ನೆಲ್ಲ ಮರಾಠಿಯಲ್ಲೇ ಬರೆಯುತ್ತಾನೆ, ಅವನು ಯೋಚನೆ ಮಾಡುವುದು ಅದರಲ್ಲೇ. ಅವನ ಅಜ್ಜಿಗೆ ಇದು ಬೇಜಾರಿನ ಸಂಗತಿ. ನನಗಲ್ಲ.

ಬೆಳಗ್ಗೆ 7.40ರ ಲೋಕಲ್. ಪುಸ್ತಕ ಹಿಡಿಯುವುದಿರಲಿ, ಮೂಗು ತುರಿಸಿಕೊಳ್ಳಲೂ ಜಾಗ ಇಲ್ಲ. ಆ ಹೊತ್ತು ವ್ಯರ್ಥವೇ?

ನೆನಪಿಸಿಕೊಳ್ಳಲು ಕೈ ಬೇಡ. ರಾತ್ರಿ ಬರೆದ ನಕ್ಷೆಯ ಒಂದು ಪೆಟ್ಟಿಗೆಯಿಂದ ಶುರು ಮಾಡಿ, ಗೆರೆ ಹಿಡಿದು ಮುಂದೆ ಹೋಗಿ. ಎಲ್ಲಿ ದಾರಿ ತಪ್ಪಿತೋ ಅದನ್ನು ಗುರುತಿಟ್ಟುಕೊಂಡು ಇಳಿದ ಮೇಲೆ ನೋಡಿ. ಬಾಗಿಲಲ್ಲಿ ನೇತಾಡಿಕೊಂಡು ಮಾತ್ರ ಮಾಡಬೇಡಿ. ತಮಾಷೆಗೆ ಹೇಳುತ್ತಿಲ್ಲ.

ಐವತ್ತು ದಾಟಿತು. ಈಗ ಇದೆಲ್ಲ ಕೂರುತ್ತಾ?

ಲಂಡನ್ನಿನ ಟ್ಯಾಕ್ಸಿಯವರು ಲೈಸೆನ್ಸಿಗಾಗಿ ಸುಮಾರು 25,000 ಬೀದಿಗಳನ್ನು ತಲೆಯಲ್ಲಿ ಕೂರಿಸಿಕೊಳ್ಳಬೇಕು. ಅವರ ಮೆದುಳಿನಲ್ಲಿ ಜಾಗದ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿರುವುದನ್ನು ಎಲೆನರ್ ಮ್ಯಾಗ್ವೈರ್ ತಂಡ 2000ದಲ್ಲಿ ತೋರಿಸಿತು. ಅವರೆಲ್ಲ ಶಾಲೆ ಬಿಟ್ಟು ಎಷ್ಟೋ ವರ್ಷ ಆದ ದೊಡ್ಡವರು. ಮತ್ತೆ ನಿಮಗೆ 50 ವರ್ಷದ ಗೂಟಗಳು ಗೋಡೆ ತುಂಬ ಇವೆ. ಬ್ಯಾಂಕಿನವರು ಸಾಲದ ನಿಯಮಗಳ ನಕ್ಷೆ ಹಾಕಿದಾಗ ಪ್ರತಿ ಗೆರೆಗೂ ಒಬ್ಬ ಗ್ರಾಹಕನ ಕಥೆ ಹೇಳಿದರು. ಹದಿನೈದರ ಹುಡುಗನಿಗೆ ಅದು ಎಲ್ಲಿಂದ ಬರಬೇಕು?

ಆ್ಯಪ್ ಒಳ್ಳೆಯದಾ, ಕಾಗದವಾ?

ಕಲಿಯುವ ತನಕ ಕಾಗದ. ಎಷ್ಟೋ ಆ್ಯಪ್‌ಗಳು ಗೆರೆಯನ್ನು ತಾವೇ ಎಳೆದುಬಿಡುತ್ತವೆ, ಗೆರೆಯ ಮೇಲೆ ಏನು ಬರೆಯಬೇಕು ಅಂತ ಕೇಳುವುದೇ ಇಲ್ಲ.

ನಮ್ಮದು ಒಂದೇ ಖೋಲಿ. ಐದು ಜನ. ಚಾರ್ಟ್ ಎಲ್ಲಿ ಹಾಕುವುದು?

ಹಾಕುವುದೇ ಬೇಡ. ಗೋಡೆಗೆ ಅಂಟಿಸಿದ್ದನ್ನು ಎರಡು ದಿನ ಬಿಟ್ಟು ಯಾರೂ ನೋಡುವುದಿಲ್ಲ. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಖಾಲಿ ಇರುತ್ತದೆ, ಕಾಗದವೂ ದಪ್ಪ. ಮಡಚಿ ದಿಂಬಿನ ಕೆಳಗೆ ಇಡಬಹುದು. ಅದೂ ಇಲ್ಲದಿದ್ದರೆ ನಮ್ಮಲ್ಲಿಗೆ ಬರುವ ಹೋಟೆಲಿನ ಹುಡುಗನೊಬ್ಬ ಮಾಡುವ ಹಾಗೆ ಮಾಡಿ. ರಾತ್ರಿ ಶಟರ್ ಎಳೆದ ಮೇಲೆ ಮಾಲೀಕರ ಅನುಮತಿ ಪಡೆದು, "ಇಂದಿನ ಸ್ಪೆಷಲ್" ಬರೆಯುವ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಹಾಕುತ್ತಾನೆ. ಬೆಳಗ್ಗೆ ಐದಕ್ಕೆ ಒರೆಸಿ ಬನ್ಸ್, ಗೋಳಿಬಜೆ ಅಂತ ಬರೆಯಬೇಕು. ಅದಕ್ಕೇ ಅವನಿಗೆ ದಿನಾ ಹೊಸದಾಗಿ ನೆನಪಿನಿಂದ ಬರೆಯದೆ ಬೇರೆ ದಾರಿಯೇ ಇಲ್ಲ. ಬರುವ ಭಾನುವಾರ ಅವನದ್ದೇ ಸರದಿ, ಭಾರತದ ಸಂವಿಧಾನದ ಪಾಠ. ಹತ್ತು ಗಂಟೆಗೆ ಶುರು. ಪೆನ್ಸಿಲ್ ನೀವೇ ತನ್ನಿ.